ದೇವಸ್ಥಾನದ ಮೆಟ್ಟಿಲಲ್ಲಿ ಬಿಟ್ಟ ಬೂಟು

ಹೆಬ್ರಿಯಿಂದ ಬಂದಿದ್ದ ಸಂಬಂಧ ಮುರಿದುಬಿದ್ದದ್ದು ನನ್ನ ಕಂಪ್ಯೂಟರಿನ ದೆಸೆಯಿಂದ. ಜಾತಕ ಕೂಡಿತ್ತು. ನಾವು ಹೋಗಿ ಹುಡುಗಿಯನ್ನು ನೋಡಿ ಬಂದಿದ್ದೆವು. ಅವರ ಕಡೆಯವರು ಇನ್ನಂಜೆಯ ನಮ್ಮ ಮನೆ ನೋಡಲು ಬಂದಿದ್ದರು. ಮನೆ ನೋಡುವುದೆಂದರೆ ನಮ್ಮ ಕಡೆ ಬಾವಿಗೆ ಬಗ್ಗಿ ನೋಡುವುದು, ಬಚ್ಚಲಿಗೆ ಇಣುಕುವುದು, ಹುಡುಗನ ತಾಯಿಯ ಗಂಟಲು ಎಷ್ಟು ದೊಡ್ಡದೆಂದು ಅಳೆಯುವುದು. ಬಾವಿಯಲ್ಲಿ ನೀರಿತ್ತು, ಬಚ್ಚಲನ್ನು ಅಮ್ಮ ಬೆಳಿಗ್ಗೆಯಿಂದ ತಿಕ್ಕಿದ್ದರು, ಗಂಟಲನ್ನು ಅವತ್ತಿನ ಮಟ್ಟಿಗೆ ಇಳಿಸಿಕೊಂಡಿದ್ದರು. ಎಲ್ಲ ಸರಿಯಿತ್ತು. ಅಷ್ಟರಲ್ಲಿ ಹುಡುಗಿಯ ಕಡೆಯ ಹಿರಿಯರೊಬ್ಬರು ನನ್ನ ಕೋಣೆಗೆ ತಲೆ ಹಾಕಿದರು.

ಮೇಜಿನ ಮೇಲೆ ಕಂಪ್ಯೂಟರ್ ಚಾಲೂ ಇತ್ತು. ಕಪ್ಪು ಪರದೆ. ಅದರ ಮೇಲೆ ಬೆಳ್ಳಗಿನ ಸಣ್ಣ ಅಕ್ಷರ, ಸಾಲು ಸಾಲಾಗಿ ಮೇಲಕ್ಕೆ ಸರಿಯುತ್ತಿತ್ತು.

"ಇದೆಂತ, ಹಾಳಾಗಿದೆಯಾ?" ಎಂದು ಅವರು ಕೇಳಿದರು.

"ಇಲ್ಲ, ಅದು ಒಂದು ಆಟ."

"ಚಿತ್ರ ಬರುದಿಲ್ವಾ?"

"ಇಲ್ಲ. ಅದ್ರಲ್ಲಿ ಚಿತ್ರ ಇಲ್ಲ."

"ಓ," ಎಂದರು. ಆ 'ಓ' ಕೇಳಿದಾಗಲೇ ನನಗೆ ಅರ್ಥವಾಗಬೇಕಿತ್ತು. ಆಗಲಿಲ್ಲ. ಓದಿದವನಿಗೆ ಇಂಥವು ತಡವಾಗಿ ಅರ್ಥವಾಗುತ್ತವೆ.

ಮುಂದಿನ ವಾರ ಸಂಬಂಧ ತಂದಿದ್ದವರು ಬಂದು, ಚಹಾ ಕುಡಿದು, ಲೋಟ ಕೆಳಗಿಟ್ಟ ಮೇಲೆ ವಿಷಯ ತೆಗೆದರು. "ಹುಡುಗ ಕಾರ್ಕಳದಲ್ಲಿ ಕಂಪ್ಯೂಟರ್ ಕಲಿಸುದು ಅಂತ ನೀವು ಹೇಳಿದ್ದು. ಅವನ ಮನೆಯ ಕಂಪ್ಯೂಟರೇ ಕೆಟ್ಟು ಕೂತಿದೆ, ಚಿತ್ರ ಬರುದಿಲ್ಲ. ತನ್ನದನ್ನೇ ರಿಪೇರಿ ಮಾಡ್ಲಿಕ್ಕೆ ಬಾರದವ ಮಕ್ಕಳಿಗೆ ಎಂತ ಕಲಿಸ್ತಾನೆ ಅಂತ ಅವರು ಕೇಳ್ತಾರೆ. ನಾನು ಎಂತ ಹೇಳುದು?"

ನಮ್ಮ ಮನೆಯ ಮಾತೆಲ್ಲ ತುಳುವಿನಲ್ಲಿ. ಇಲ್ಲಿ ಕನ್ನಡಕ್ಕೆ ಇಳಿಸಿದ್ದೇನೆ. ಆದರೆ ಅವರು ಹೋದ ಮೇಲೆ ಅಮ್ಮ ನನಗೆ ಹೇಳಿದ್ದು ಯಾವ ಭಾಷೆಗೂ ಇಳಿಯುವಂಥದ್ದಲ್ಲ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕುಟುಂಬದಲ್ಲಿ ಮೊದಲು ಪದವಿ ಪಡೆದವನು ನಾನು. ಇದನ್ನು ಸಂದರ್ಭ ಇದ್ದಾಗಲೂ ಹೇಳುತ್ತೇನೆ, ಇಲ್ಲದಾಗಲೂ ಹೇಳುತ್ತೇನೆ. ಅಪ್ಪ ಕೆಂಪುಕಲ್ಲಿನ ಕೋರೆಯಲ್ಲಿ ದುಡಿದವರು, ಅಲ್ಲಿನ ಧೂಳಿನ ಕೆಮ್ಮಿನಿಂದ ಈಗ ಒಳಕೋಣೆ ಬಿಟ್ಟು ಹೊರಗೆ ಬರುವುದು ಕಡಿಮೆ. ಅಮ್ಮ ಮನೆಯ ಹಿಂದಿನ ಮಲ್ಲಿಗೆ ಗಿಡಗಳಿಂದ ಬೆಳಕು ಹರಿಯುವ ಮೊದಲೇ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಚೆಂಡು ಮಾಡಿ ಮಾರಾಟಕ್ಕೆ ಕಳಿಸಿದವರು. ಆ ಹೂವಿನ ಮೇಲೆ ನಾನು ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದಿದೆ. ಸಿಇಟಿಯಲ್ಲಿ ಸಿಕ್ಕಿದ ಫ್ರೀ ಸೀಟು. ಯಾರ ಶಿಫಾರಸೂ ಇಲ್ಲ. ನನ್ನ ಪದವಿ ಪತ್ರಕ್ಕೆ ಕಟ್ಟು ಹಾಕಿಸಿ ಅಮ್ಮ ನನ್ನ ಕೋಣೆಯ ಗೋಡೆಯಲ್ಲಿ ದೇವರ ಫೋಟೋಗಳ ಸಾಲಿನಲ್ಲೇ ತೂಗುಹಾಕಿದ್ದರು. ದಿನಾ ಸಂಜೆ ದೇವರಿಗೆ ಊದಿನಕಡ್ಡಿ ತೋರಿಸುವಾಗ ಅದಕ್ಕೂ ಒಂದು ಸುತ್ತು ಆಗುತ್ತಿತ್ತು. ಅಂಥ ಪದವಿಯ ಕೆಳಗೆ ಕೂತು ಮಗ ಕೆಟ್ಟುಹೋದಂತೆ ಕಾಣುವ ಆಟ ಆಡಿ ಸಂಬಂಧ ಕಳೆದುಕೊಂಡರೆ ತಾಯಿ ಏನು ಮಾಡಬೇಕು?

"ಆಟ ಆಡ್ಬೇಡ ಅಂತ ನಾನು ಹೇಳುದಿಲ್ಲ," ಎಂದರು ಅಮ್ಮ, ಕೋಪ ಇಳಿದ ಮೇಲೆ. "ಬಣ್ಣ ಇರುವ ಆಟ ಆಡು ಮಾರಾಯ. ಲೋಕದ ಮಕ್ಕಳೆಲ್ಲ ಬಣ್ಣದ್ದು ಆಡ್ತಾರೆ. ನಿನ್ನದು ಮಾತ್ರ ತಿಥಿಯ ಕಾಗದದ ಹಾಗೆ ಉಂಟು."

ಈ ಕಪ್ಪು ಪರದೆಯ ಆಟಕ್ಕೆ ನಾನು ಅಂಟಿಕೊಂಡದ್ದು ತೊಂಬತ್ತರ ದಶಕದ ಕೊನೆಯಲ್ಲಿ, ಮಣಿಪಾಲದ ಕಾಲೇಜಿನ ಲ್ಯಾಬಿನಲ್ಲಿ. ಬಿಸಿಲಿನಲ್ಲಿ ಗುಡ್ಡ ಹತ್ತಿ ಬಂದವನಿಗೆ ಅಲ್ಲಿನ ಏಸಿಯೇ ಅರ್ಧ ಶಿಕ್ಷಣ. ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದವನು ಬಾಗಲಕೋಟೆ ಕಡೆಯ ಸಹಪಾಠಿ. ಅವನ ತಂದೆ ಮಣಿಪಾಲಕ್ಕೆ ಗಾರೆ ಕೆಲಸಕ್ಕೆ ಬಂದು ಅಲ್ಲೇ ನೆಲೆ ನಿಂತವರು. ನಾವು ಓದುತ್ತಿದ್ದ ಕಟ್ಟಡಕ್ಕೆ ಇಟ್ಟಿಗೆ ಎತ್ತಿದವರಲ್ಲಿ ತನ್ನ ಅಪ್ಪನೂ ಇದ್ದ ಎಂದು ಅವನು ಹೇಳಿಕೊಳ್ಳುತ್ತಿದ್ದ. ನಾನು ಕೆಂಪುಕಲ್ಲು ನಮ್ಮಪ್ಪನದು ಎನ್ನುತ್ತಿದ್ದೆ. ಹೀಗೆ ಇಡೀ ಕಾಲೇಜು ನಮ್ಮಿಬ್ಬರದೇ ಆಗಿತ್ತು, ಶುಲ್ಕದ ವಿಷಯ ಬಂದಾಗ ಹೊರತು.

ಆಟ ತೋರಿಸಿಕೊಟ್ಟವನು ಅವನೇ. ಎಲ್ಲಿಯೋ ದೂರದೇಶದ ಒಂದು ಕಂಪ್ಯೂಟರಿನಲ್ಲಿ ಒಂದು ಊರು ಉಂಟು. ಲೋಕದ ನಾನಾ ಕಡೆಯವರು ಆ ಊರಿಗೆ ಬಂದು ಒಂದೊಂದು ವೇಷ ತೊಟ್ಟು ತಿರುಗುತ್ತಾರೆ. ಚಿತ್ರ ಇಲ್ಲ. 'ನೀನು ಸಂತೆಯ ಚೌಕದಲ್ಲಿ ನಿಂತಿದ್ದೀಯೆ, ಪೂರ್ವಕ್ಕೆ ಕಮ್ಮಾರನ ಅಂಗಡಿ, ಉತ್ತರಕ್ಕೆ ದೇವಾಲಯ' ಎಂದು ಇಂಗ್ಲಿಷಿನಲ್ಲಿ ಸಾಲು ಮೂಡುತ್ತದೆ. ನಾವು 'ಗೋ ನಾರ್ತ್' ಎಂದು ಟೈಪ್ ಮಾಡಿದರೆ ಉತ್ತರಕ್ಕೆ ಹೋಗುತ್ತೇವೆ. 'ಟೇಕ್' ಎಂದರೆ ತೆಗೆದುಕೊಳ್ಳುತ್ತೇವೆ, 'ಕಿಲ್' ಎಂದರೆ ಹೊಡೆಯುತ್ತೇವೆ ಅಥವಾ ಹೊಡೆಸಿಕೊಳ್ಳುತ್ತೇವೆ. ನಾನು ಹೆಚ್ಚಾಗಿ ಹೊಡೆಸಿಕೊಳ್ಳುತ್ತಿದ್ದೆ.

ಕನ್ನಡ ಮಾಧ್ಯಮದಿಂದ ಬಂದ ನನಗೆ ಧೈರ್ಯದಿಂದ ಇಂಗ್ಲಿಷ್ ಬಳಸಲು ಆ ಊರು ಬಿಟ್ಟರೆ ಬೇರೆ ಜಾಗ ಇರಲಿಲ್ಲ. ಅಲ್ಲಿ ಯಾರೂ ನನ್ನ ಉಚ್ಚಾರಕ್ಕೆ ನಗುತ್ತಿರಲಿಲ್ಲ, ಏಕೆಂದರೆ ಯಾರಿಗೂ ಅದು ಕೇಳಿಸುತ್ತಿರಲಿಲ್ಲ. ಅಡ್ಡಪರಿಣಾಮವೇನಾಯಿತೆಂದರೆ ನನ್ನ ಇಂಗ್ಲಿಷ್ ಪೂರ್ತಿ ಆಜ್ಞೆಗಳ ಇಂಗ್ಲಿಷ್ ಆಯಿತು. ಮುಂದೆ ಕಾರ್ಕಳದ ಪಾಲಿಟೆಕ್ನಿಕ್ಕಿನ ಸಂದರ್ಶನದಲ್ಲಿ ಪ್ರಾಂಶುಪಾಲರು ನನ್ನ ಅಂಕಪಟ್ಟಿ ಕೇಳಿದಾಗ ನಾನು "ಟೇಕ್" ಎಂದು ಮುಂದೆ ಚಾಚಿದೆ. ಅವರು ತೆಗೆದುಕೊಂಡರು. ಕೆಲಸವನ್ನೂ ಕೊಟ್ಟರು. ಇಂಥ ನೇರ ಮನುಷ್ಯ ಹುಡುಗರನ್ನು ಹದ್ದುಬಸ್ತಿನಲ್ಲಿಡುತ್ತಾನೆ ಎಂದುಕೊಂಡಿರಬೇಕು.

ಬೂಟಿನ ಕತೆ ಇನ್ನು ಬರುತ್ತದೆ. ಆ ಆಟದ ಊರಿನ ಕಾಡಿನಲ್ಲಿ ಒಬ್ಬ ದರೋಡೆಕೋರ ಇದ್ದ. ಹಲವು ಸಲ ಅವನಿಂದ ಹತನಾಗಿ, ಕೊನೆಗೆ ಹೇಗೋ ಅವನನ್ನು ಕೆಡವಿ, ಅವನ ಕಾಲಿನ ಚರ್ಮದ ಬೂಟು ನನ್ನದಾಯಿತು. ನಿಜ ಜೀವನದಲ್ಲಿ ಅಷ್ಟರವರೆಗೆ ನನ್ನ ಕಾಲು ಹವಾಯಿ ಚಪ್ಪಲಿ ಬಿಟ್ಟು ಬೇರೇನನ್ನೂ ಕಂಡಿರಲಿಲ್ಲ. ಬೂಟು ತೊಟ್ಟ ಖುಷಿಗೆ ಊರ ದೇವಸ್ಥಾನಕ್ಕೆ ಹೋಗಿ ಬರೋಣ ಎಂದುಕೊಂಡೆ. ಮೆಟ್ಟಿಲ ಹತ್ತಿರ ಬಂದವನೇ 'ರಿಮೂವ್ ಬೂಟ್ಸ್' ಎಂದೆ. ಕಳಚಿತು. 'ಡ್ರಾಪ್ ಬೂಟ್ಸ್' ಎಂದೆ. ಕೆಳಗಿಟ್ಟಿತು. ಒಳಗೆ ಹೋಗಿ ಕೈಮುಗಿದು ಹೊರಗೆ ಬಂದೆ. ಬೂಟು ಇರಲಿಲ್ಲ.

ಇದನ್ನು ನಾನು ಯೋಚಿಸಿ ಮಾಡಿದ್ದಲ್ಲ. ದೇವಸ್ಥಾನ ಎಂಬ ಶಬ್ದ ಓದಿದೆ, ಕೈ ತಾನಾಗಿ ಟೈಪ್ ಮಾಡಿತು. ಪಕ್ಕದ ಕುರ್ಚಿ ಅಲುಗಾಡುತ್ತಿತ್ತು. ನೋಡಿದರೆ ಬಾಗಲಕೋಟೆಯವನು ಬಾಯಿಗೆ ಕರವಸ್ತ್ರ ತುರುಕಿಕೊಂಡು ನಗುತ್ತಿದ್ದಾನೆ.

"ನೀನಾ ತೆಗೆದದ್ದು?"

"ಗುಡಿ ಹೊರಗ ಚಪ್ಪಲ್ ಬಿಟ್ರ ಮತ್ತೇನಾಗತೈತಲೇ? ಊರಾಗ ಆಗೂದು ಇಲ್ಲೂ ಆತು."

"ವಾಪಸ್ ಕೊಡು ಮಾರಾಯ."

"ಹತ್ತು ಸಲ ಸತ್ತು ಗಳಿಸಿದ ಬೂಟ ಹೊರಗ ಬಿಟ್ಟು ಹೋಗ್ತಿಯಲ್ಲ, ನೀ ಎಂಥಾ ಭಕ್ತಲೇ!"

ಕೊಟ್ಟ. ಆದರೆ ನನ್ನ ಕೈಯ ಅಭ್ಯಾಸ ಹೋಗಲಿಲ್ಲ, ದೇವಸ್ಥಾನಕ್ಕೆ ಹೋದಾಗಲೆಲ್ಲ ಬೂಟು ಹೊರಗೇ ಬಿಡುತ್ತಿದ್ದೆ. ವಿಷಯ ಆಟದ ಊರಿಗೆಲ್ಲ ಹಬ್ಬಿತು. ಯಾವಾಗ ನೋಡಿದರೂ ದೇವಸ್ಥಾನದ ಮೆಟ್ಟಿಲಲ್ಲಿ ಒಂದು ಜೊತೆ ಬೂಟು ಬಿದ್ದಿರುತ್ತದಲ್ಲ, ಯಾರದು, ಯಾಕೆ ಎಂದು ಬೇರೆ ದೇಶದವರು ಕೇಳತೊಡಗಿದರು. ನಾನು ನನ್ನ ಆಜ್ಞೆಗಳ ಇಂಗ್ಲಿಷಿನಲ್ಲಿ ವಿವರಿಸಿದೆ. ಕೆಲವರು ನಕ್ಕರು. ಒಬ್ಬ ಸುಮ್ಮನೆ ತನ್ನ ಬೂಟನ್ನೂ ಪಕ್ಕದಲ್ಲಿ ಬಿಟ್ಟ. ಆ ಆಟದಲ್ಲಿ ನಾನು ಮಾಡಿದ ಏಕಮಾತ್ರ ಸಾಧನೆ ಅದು. ಉಳಿದಂತೆ ನನ್ನ ಯೋಧ ಕೊನೆಯವರೆಗೂ ಕೋಳಿಗಳಿಗೆ ಹೆದರುತ್ತಿದ್ದ.

ಕಾಲೇಜು ಮುಗಿಯಿತು. ಕಾರ್ಕಳದಲ್ಲಿ ಕೆಲಸ, ಬೆಳಿಗ್ಗೆ ಬಸ್ಸು, ಸಂಜೆ ಬಸ್ಸು. ಆಟ ಮರೆತುಹೋಯಿತು. ಗೆಳೆಯ ಪುಣೆಗೆ ಹೋದ. ಕೆಲವು ವರ್ಷ ಕಳೆದು ಒಂದು ದಿನ ಫೋನ್ ಮಾಡಿದ.

"ಆ ಕರೀ ಹಲಗಿ ಆಟ ಇನ್ನ ಯಾರ ಆಡ್ತಾರಲೇ? ಹೊಸಾದು ಬಂದೈತಿ. ಕುದುರಿ ಕಾಣ್ತೈತಿ, ಹುಲ್ಲ ಅಲುಗಾಡತೈತಿ. ಬಾ, ಕೂಡಿ ಆಡೂಣು."

ಮನೆಯಲ್ಲಿ ಆಗ ಕಂಪ್ಯೂಟರ್ ಇರಲಿಲ್ಲ. ಕಾರ್ಕಳದ ಬ್ರೌಸಿಂಗ್ ಸೆಂಟರುಗಳಲ್ಲಿ ನನ್ನ ವಿದ್ಯಾರ್ಥಿಗಳೇ ತುಂಬಿರುತ್ತಿದ್ದರು. ಮೇಷ್ಟ್ರು ಆಟ ಆಡುವುದನ್ನು ಅವರು ನೋಡಬಾರದೆಂದು ಶನಿವಾರ ಮಧ್ಯಾಹ್ನ ಉಡುಪಿಗೆ ಬಂದು, ಮನೆಯ ಬಸ್ಸು ಬಿಟ್ಟು, ಎದುರು ದಿಕ್ಕಿನ ಬಸ್ಸು ಹಿಡಿದು ಸಂತೆಕಟ್ಟೆಯ ಬ್ರೌಸಿಂಗ್ ಸೆಂಟರಿಗೆ ಹೋಗುತ್ತಿದ್ದೆ. ಮೊದಲ ಶನಿವಾರ ಅಲ್ಲಿ ಒಳಗೆ ಕೂತಿದ್ದವನೇ ನನ್ನ ವಿದ್ಯಾರ್ಥಿ. ಅವನು ಕಾರ್ಕಳದಲ್ಲಿ ಮೇಷ್ಟ್ರುಗಳು ನೋಡಿಯಾರು ಎಂದು ಇಲ್ಲಿಗೆ ಬಂದಿದ್ದ. ನಾವಿಬ್ಬರೂ ಮುಂದೆಂದೂ ಆ ವಿಷಯ ಎತ್ತಲಿಲ್ಲ.

ಹೊಸ ಆಟ ನಿಜವಾಗಿಯೂ ಚಂದ ಇತ್ತು. ಹುಲ್ಲು ಅಲುಗಾಡುತ್ತಿತ್ತು. ನನ್ನ ತಲೆಯೂ ಅದರ ಜೊತೆ ಅಲುಗಾಡುತ್ತಿತ್ತು. ಮೌಸ್ ತಿರುಗಿಸಿದರೆ ಇಡೀ ಲೋಕ ಗಿರ್ರನೆ ಸುತ್ತಿ, ಆಗುಂಬೆಯ ತಿರುವಿನಲ್ಲಿ ಹಿಂದಿನ ಸೀಟಿನಲ್ಲಿ ಕೂತ ಹಾಗೆ ಹೊಟ್ಟೆ ತೊಳೆಸುತ್ತಿತ್ತು. ನಾನು ಜೇಬಿನಲ್ಲಿ ಲಿಂಬೆಹಣ್ಣು ಇಟ್ಟುಕೊಂಡು ಆಡಲು ಕೂರುತ್ತಿದ್ದೆ. ಲಿಂಬೆ ಮೂಸುತ್ತ ರಾಕ್ಷಸರನ್ನು ಎದುರಿಸಿದವನು ಕರಾವಳಿಯಲ್ಲಿ ನಾನೊಬ್ಬನೇ ಇರಬೇಕು.

ಆದರೂ ಬಿಡಲಿಲ್ಲ. ಓದಿದವನು ಹೊಸದಕ್ಕೆ ಹೆದರಬಾರದು ಎಂಬ ಹಟ. ಒಂದು ಶನಿವಾರ ಗೆಳೆಯ ನನ್ನನ್ನು ಆಟದ ದೊಡ್ಡ ದೇವಾಲಯಕ್ಕೆ ಕರೆದುಕೊಂಡು ಹೋದ. ಎಂಥ ಕಂಬಗಳು! ನೆಲ ಎಷ್ಟು ಹೊಳೆಯುತ್ತಿತ್ತೆಂದರೆ ಅದರಲ್ಲಿ ನನ್ನ ಬೂಟಿನ ಅಡಿಯೇ ಕಾಣುತ್ತಿತ್ತು. ನಾನು ಮೆಟ್ಟಿಲಲ್ಲಿ ನಿಂತೆ.

ಆಡುತ್ತ ಆಡುತ್ತ ಟೈಪ್ ಮಾಡಿ ಮಾತಾಡಬಹುದಿತ್ತು. ಅವನು ಒಳಗಿನಿಂದ ಕೇಳಿದ, "ಯಾಕ ನಿಂತಿ? ಒಳಗ ಬಾ."

"ಬೂಟು."

"ಏನ್ ಬೂಟ?"

"ತೆಗೀಲಿಕ್ಕೆ ಆಗುದಿಲ್ಲ."

"ಲೇ, ಅದು ಚಿತ್ರಲೇ!"

ನನಗೂ ಗೊತ್ತಿತ್ತು. ಆದರೂ ಚೀಲ ತೆರೆಯುವ ಜಾಗ ಹುಡುಕಿ ಬೂಟನ್ನು ಕಳಚಿದೆ. ಕಾಲಲ್ಲಿ ಇನ್ನೊಂದು ತೆಳ್ಳಗಿನ ಬೂಟು ಕಾಣಿಸಿತು! ಅದನ್ನು ತೆಗೆಯಲು ಬರುವುದೇ ಇಲ್ಲ, ಅದು ಹುಟ್ಟಿನಿಂದ ಬಂದದ್ದು. ಕಳಚಿದ ಬೂಟನ್ನಾದರೂ ಮೆಟ್ಟಿಲಲ್ಲಿ ಇಡೋಣವೆಂದು ಹೊರಗೆ ಎಳೆದೆ. 'ಈ ವಸ್ತುವನ್ನು ನಾಶ ಮಾಡಲೇ?' ಎಂದು ಆಟ ಕೇಳಿತು. ಇಟ್ಟುಕೊಳ್ಳಬೇಕು, ಇಲ್ಲವೇ ನಾಶ ಮಾಡಬೇಕು. ಹೊರಗೆ ಬಿಟ್ಟು ಹೋಗಿ ಬರುತ್ತೇನೆ ಎನ್ನುವುದಕ್ಕೆ ಅಷ್ಟು ದೊಡ್ಡ ಲೋಕದಲ್ಲಿ ವ್ಯವಸ್ಥೆ ಇಲ್ಲ. ಹುಲ್ಲಿನ ಎಸಳೆಸಳನ್ನೂ ಬಿಡಿಸಿದ ಪುಣ್ಯಾತ್ಮರಿಗೆ ಇದು ಹೊಳೆದಿಲ್ಲ.

ನಾನು ಒಳಗೆ ಹೋಗಲಿಲ್ಲ. ಗೆಳೆಯನಿಗೆ ಸಿಟ್ಟು ಬಂತು. "ನಿನ್ನಂಥವ್ರಿಗೆ ಹೊಸಾದ ಅಲ್ಲಲೇ. ಹೋಗು, ನಿನ್ನ ಕರೀ ಹಲಗಿ ಮುಂದನ ಕೂಡು," ಎಂದ. ಆಮೇಲೆ ಫೋನೂ ಕಡಿಮೆಯಾಯಿತು.

ಸ್ವಲ್ಪ ಸಮಯದಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ಮನೆಗೆ ಬಂತು, ಟೆಲಿಫೋನ್ ತಂತಿಯಿಂದ ಕೀರಲು ಸ್ವರದಲ್ಲಿ ಇಂಟರ್‌ನೆಟ್ಟೂ ಬಂತು. ನಾನು ಮೊದಲು ಮಾಡಿದ ಕೆಲಸ, ಆ ಹಳೆಯ ಊರು ಇನ್ನೂ ಉಂಟೋ ಎಂದು ನೋಡಿದ್ದು. ಇತ್ತು. ನನ್ನ ಹೆಸರು ಕೊಟ್ಟೆ. ಪಾಸ್‌ವರ್ಡ್ ಕೇಳಿತು. ಅಂದರೆ ಹೆಸರು ಅಳಿಸಿಲ್ಲ, ಬದುಕಿದ್ದೇನೆ! ಸಂತೆಯ ಚೌಕದಲ್ಲಿ ಮೊದಲಿನ ಗದ್ದಲ ಇರಲಿಲ್ಲ, ನಾಲ್ಕಾರು ಜನ ಮಾತ್ರ. ಉತ್ತರಕ್ಕೆ ಹೋದೆ. ಮೆಟ್ಟಿಲಲ್ಲಿ ಸಾಲುಗಳು ಮೂಡಿದವು. 'ಇಲ್ಲಿ ಒಂದು ಜೊತೆ ಚರ್ಮದ ಬೂಟು ಇದೆ. ಇಲ್ಲಿ ಒಂದು ಜೊತೆ ಕಬ್ಬಿಣದ ಬೂಟು ಇದೆ. ಇಲ್ಲಿ ಒಂದು ಜೊತೆ ಹರಿದ ಬೂಟು ಇದೆ.' ಸಾಲು ಮುಗಿಯಲು ಒಂದು ಪರದೆ ಹಿಡಿಯಿತು.

ಯಾಕೆ ಎಂದು ಒಬ್ಬನನ್ನು ಕೇಳಿದೆ. ಗೊತ್ತಿಲ್ಲ, ಇಲ್ಲಿ ಹಿಂದಿನಿಂದ ಬಂದ ಪದ್ಧತಿ, ಇಲ್ಲಿಂದ ಯಾರೂ ಕದಿಯುವುದಿಲ್ಲ ಎಂದ. ನನ್ನ ಜಾಗದಲ್ಲಿ ದೊಡ್ಡ ಮನುಷ್ಯನಿದ್ದರೆ ಸುಮ್ಮನಿರುತ್ತಿದ್ದ. ನಾನು ತಕ್ಷಣ ಅದನ್ನು ಶುರು ಮಾಡಿದ್ದು ನಾನೇ ಎಂದು ಎಲ್ಲರಿಗೂ ಕೇಳುವ ಹಾಗೆ ಸಾರಿದೆ. ಯಾರೂ ನಂಬಲಿಲ್ಲ.

ಆ ದಿನದಿಂದ ನಾನು ಅಲ್ಲಿಯವನೇ. ಕೆಲಸದಿಂದ ಬಂದು, ಸ್ನಾನ ಮಾಡಿ, ದೀಪ ಹಚ್ಚುವ ಹೊತ್ತಿಗೆ ಆ ಊರಿಗೆ ಒಂದು ಸುತ್ತು ಹೋಗಿ ಬರುವುದು. ಹೆಬ್ರಿಯವರು ನೋಡಿದ್ದು ಅದನ್ನು.

ಆಮೇಲೆ ಕಾಪುವಿನ ಸಂಬಂಧ ಬಂತು. ಹುಡುಗಿ ಬಿಎ ಬಿಎಡ್, ಅಲ್ಲಿನ ಪ್ರೌಢಶಾಲೆಯೊಂದರಲ್ಲಿ ಟೀಚರ್. ಅವರ ಮನೆಯಲ್ಲೂ ಅವಳೇ ಮೊದಲ ಪದವೀಧರೆ. ನಾವು ನೋಡಲು ಹೋದಾಗ ಅವಳು ನನಗೆ ಚಹಾ ಕೊಟ್ಟು, "ಸಕ್ಕರೆ ಸಾಕಾ?" ಎಂದು ಕೇಳಿದ್ದು ಬಿಟ್ಟರೆ ಮಾತಾಗಿರಲಿಲ್ಲ. ಸಕ್ಕರೆ ಹಾಕಿರಲೇ ಇಲ್ಲ. ನಾನು "ಸಾಕು" ಎಂದೆ. ಅವಳು ನಕ್ಕಳು. ಇನ್ನೊಂದು ಗುಟುಕು ಕುಡಿಯುವ ಮೊದಲೇ ನನಗೆ ಇದೇ ಆಗಬೇಕು ಅನಿಸಿಬಿಟ್ಟಿತು. ಇಷ್ಟು ಓದಿದವನು ಒಂದು ಸಪ್ಪೆ ಚಹಾಕ್ಕೆ ಬಿದ್ದುಹೋದೆ.

ಆದ್ದರಿಂದ ಈ ಸಲ ಅವರು ಮನೆ ನೋಡಲು ಬರುವ ದಿನ ಅಮ್ಮ ಹೇಳಿದ್ದಕ್ಕೆಲ್ಲ ನಾನು ತಲೆಯಾಡಿಸಿದೆ. ಕಂಪ್ಯೂಟರ್ ಪತ್ರಿಕೆಯ ಜೊತೆ ಉಚಿತವಾಗಿ ಬಂದ ಸಿಡಿಯಿಂದ ಹೊಸ ಆಟ ಹಾಕಿದೆ. ನನ್ನ ಯೋಧನನ್ನು ಹಸುರು ಗುಡ್ಡದ ಮೇಲೆ ಕುದುರೆಯ ಪಕ್ಕ ನಿಲ್ಲಿಸಿದೆ. ಕುದುರೆ ಬೇರೆಯವರದು. ಅಮ್ಮ ಬಂದು, ಸೆರಗಿನಲ್ಲಿ ಪರದೆ ಒರೆಸಿ, ನೋಡಿ, "ಹಾಂ, ಈಗ ಕಂಪ್ಯೂಟರಿನ ಹಾಗೆ ಉಂಟು. ಅವರು ಹೋಗುವವರೆಗೆ ಇದನ್ನು ಮುಟ್ಬೇಡ," ಎಂದರು.

ಬಂದವರು ಮೂವರು. ಹುಡುಗಿಯ ಸೋದರಮಾವ, ಅವರ ಮನೆಯಲ್ಲಿ ಅವರ ಮಾತೇ ಕೊನೆಯ ಮಾತು. ಕಾಲೇಜಿಗೆ ಹೋಗುವ ತಮ್ಮ. ಮತ್ತೆ ಹುಡುಗಿ! ಹುಡುಗಿ ತಾನೇ ಮನೆ ನೋಡಲು ಬರುವುದು ನಮ್ಮಲ್ಲಿ ಇಲ್ಲ. ಅಮ್ಮ ಹೌಹಾರಿದ್ದನ್ನು ಕಂಡು ಅವಳೇ ಹೇಳಿದಳು, "ಇರಬೇಕಾದವಳು ನಾನು ಅಲ್ವಾ ಅತ್ತೆ, ಹಾಗೆ ಒಮ್ಮೆ ನೋಡಿ ಹೋಗುವ ಅಂತ ಬಂದೆ." ಆ 'ಅತ್ತೆ'ಗೆ ಅಮ್ಮ ಕರಗಿ ಹೋದರು. ಮಾವ ಬಾವಿ ನೋಡಲು ಹೋದರು. ಅವಳು ಮಲ್ಲಿಗೆ ಗಿಡಗಳ ನಡುವೆ ಓಡಾಡಿದಳು. ತಮ್ಮ ನೇರವಾಗಿ ನನ್ನ ಕೋಣೆಗೆ ಬಂದ.

"ಓ, ಈ ಗೇಮ್ ನೀವೂ ಆಡ್ತೀರಾ ಸರ್? ಯಾವ ಲೆವೆಲ್?"

"ಹೀಗೇ, ಸ್ವಲ್ಪ," ಎಂದೆ.

ಅವನು ಮೌಸ್ ಹಿಡಿದುಕೊಂಡ. ಅಷ್ಟರಲ್ಲಿ ಅಕ್ಕನೂ ಬಂದು ಬಾಗಿಲಲ್ಲಿ ನಿಂತಳು, ಹಿಂದೆ ಅಮ್ಮ.

"ಸರ್, ಎರಡನೇ ಲೆವೆಲ್!" ಎಂದ ತಮ್ಮ. "ನಮ್ಮ ಪಕ್ಕದ ಮನೆಯ ಚಿಕ್ಕ ಮಕ್ಕಳು ಇಪ್ಪತ್ತರಲ್ಲಿ ಇದ್ದಾರೆ. ಇಲ್ಲಿ ನೋಡಿ, ನಿಮ್ಮ ಕತ್ತಿ ಎಡಗೈಯಲ್ಲೇ ಉಂಟು. ಒಂದ್ಸಲ ಓಡಿಸಿ ತೋರಿಸಿ ಸರ್."

ಕೂತೆ. ಹುಡುಗಿ ನೋಡುತ್ತಿದ್ದಾಳೆ. ಲಿಂಬೆಹಣ್ಣು ಅಡುಗೆಮನೆಯಲ್ಲಿ. ಮೌಸ್ ತಿರುಗಿಸಿದೆ, ಗುಡ್ಡ ಸುತ್ತಿತು, ಆಕಾಶ ಕೆಳಗೆ ಬಂತು, ನನ್ನ ಯೋಧ ಓಡಿ ಹೋಗಿ ಒಂದು ಬಂಡೆಗೆ ಮುಖ ಆನಿಸಿ ಓಡುತ್ತಲೇ ಇದ್ದ. ಹಿಂದಿನಿಂದ ಒಂದು ಕಾಡುಹಂದಿ ಬಂತು. ಯೋಧ ಸತ್ತ. ನನ್ನ ಮುಖ ಬಿಳಿಚಿ, ಹಣೆಯಲ್ಲಿ ಬೆವರು ಮೂಡಿತ್ತು.

"ನೀರು ಬೇಕಾ?" ಎಂದು ಕೇಳಿದಳು ಹುಡುಗಿ.

"ಬೇಡ."

"ಇದು ನೀವು ಆಡುವ ಆಟ ಹೌದಾ?"

ಅವಳ ದನಿಯಲ್ಲಿ ತಮಾಷೆ ಇರಲಿಲ್ಲ. ಉತ್ತರಪತ್ರಿಕೆಯ ಅಕ್ಷರ ಬೇರೆಯವನದು ಎಂದು ಗೊತ್ತಾದ ಟೀಚರ್ ಕೇಳುವ ರೀತಿ. ಹೌದು ಎಂದರೆ ಎರಡನೇ ಲೆವೆಲಿನ ದಡ್ಡ. ಅಲ್ಲ ಎಂದರೆ ಕೆಟ್ಟ ಕಂಪ್ಯೂಟರಿನ ದಡ್ಡ. ಬಾಗಿಲಲ್ಲಿ ಅಮ್ಮ ಕಣ್ಣಲ್ಲೇ ಬೇಡ, ಬೇಡ ಎನ್ನುತ್ತಿದ್ದರು.

"ಅಲ್ಲ," ಎಂದೆ. "ನಾನು ಆಡುದು ಹಳೇದು. ಅದ್ರಲ್ಲಿ ಚಿತ್ರ ಇಲ್ಲ."

"ತೋರಿಸಿ."

ಕುದುರೆಯ ಆಟ ಮುಚ್ಚಿ ಇಂಟರ್‌ನೆಟ್ಟನ್ನು ಮತ್ತೊಮ್ಮೆ ಜೋಡಿಸಿದೆ, ಟೆಲಿಫೋನ್ ತಂತಿ ಕೀರಿತು. ಪರದೆ ಕಪ್ಪಾಯಿತು. ಅಮ್ಮ ಅಡುಗೆಮನೆಗೆ ಹೋದರು. ಪಾತ್ರೆಗಳ ಸದ್ದಿನಲ್ಲೇ ಅವರ ಮನಸ್ಸು ತಿಳಿಯುತ್ತಿತ್ತು. ತಮ್ಮ, "ಅಯ್ಯೋ, ಇದೆಂತ, ಬಸ್ಸಿನ ಟಿಕೆಟಿನ ಹಾಗೆ!" ಎಂದ.

ಅವಳು ಕುರ್ಚಿ ಎಳೆದು ಕೂತು ಪಾಠ ಓದುವ ಹಾಗೆ ಗಟ್ಟಿಯಾಗಿ ಓದತೊಡಗಿದಳು. ಸಂತೆಯ ಚೌಕ, ಕಮ್ಮಾರನ ಅಂಗಡಿ, ಮೀನು ಸುಡುವ ವಾಸನೆ. "ವಾಸನೆಯೂ ಬರ್ತದಾ ಇದ್ರಲ್ಲಿ?" ಎಂದು ನಕ್ಕಳು. ಟೈಪ್ ಮಾಡುವುದು ಹೇಗೆಂದು ಕೇಳಿಕೊಂಡಳು. ಒಂದಿಷ್ಟು ಅಲ್ಲಿ ಇಲ್ಲಿ ತಿರುಗಿ, ಕಮ್ಮಾರನಿಗೆ ನಮಸ್ಕಾರ ಹೇಳಿ, ಮತ್ತೆ ಚೌಕಕ್ಕೆ ಬಂದಳು. "ಉತ್ತರಕ್ಕೆ ದೇವಸ್ಥಾನ ಉಂಟಂತೆ. ಹೋಗುವನಾ?" ಎಂದವಳು, ಕೈ ಕೀಲಿಗಳ ಮೇಲಿಟ್ಟು ತಡೆದಳು.

"ಇವನ ಕಾಲಲ್ಲಿ ಎಂತ ಉಂಟು?"

"ಬೂಟು," ಎಂದೆ.

"ಹಾಗಾದ್ರೆ ತೆಗೀಬೇಕಲ್ವಾ? ಎಂತ ಹೊಡೀಬೇಕು? ರಿಮೂವಾ?"

ನಾನು ತಲೆಯಾಡಿಸಿದೆ. ಅವಳು ಹೊಡೆದಳು. ಕಳಚಿತು. ಬೂಟನ್ನು ಕೈಯಲ್ಲಿ ಹಿಡಿದೇ ಉತ್ತರಕ್ಕೆ ಹೋದಳು. ಮೆಟ್ಟಿಲಲ್ಲಿ ಬೂಟುಗಳ ಸಾಲು ಮೂಡಿತು. "ಓ, ಇಲ್ಲಿ ಎಲ್ಲರೂ ಬಿಟ್ಟಿದ್ದಾರೆ!" ಎಂದಳು, ಅದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. ಆಮೇಲೆ ಸ್ವಲ್ಪ ಯೋಚಿಸಿ, 'ಡ್ರಾಪ್ ಲೆಫ್ಟ್ ಬೂಟ್' ಎಂದು ಹೊಡೆದಳು.

'ನಿನ್ನ ಬಳಿ ಎಡ ಬೂಟು ಇಲ್ಲ' ಎಂದಿತು ಆಟ.

"ಎಡದ್ದು ಮಾತ್ರ ಯಾಕೆ?" ಎಂದು ಕೇಳಿದೆ.

"ಒಂದು ಇಲ್ಲಿ, ಒಂದು ಆಚೆ ಬದಿಯಲ್ಲಿ ಇಡ್ಬೇಕು. ಜೊತೆಯಲ್ಲಿ ಇಟ್ರೆ ಹೋಗ್ತದೆ. ನಿಮಗೆ ಅಷ್ಟೂ ಗೊತ್ತಿಲ್ವಾ?"

ಗೊತ್ತಿತ್ತು. ಎಲ್ಲ ದೇವಸ್ಥಾನಗಳಲ್ಲೂ ನಾನು ಹಾಗೇ ಮಾಡಿದವನು. ಇಲ್ಲಿ ಹೊಳೆದಿರಲಿಲ್ಲ. ಅವಳು ಬಲ ಬೂಟನ್ನೂ ಪ್ರಯತ್ನಿಸಿದಳು. ಅದೂ ಇಲ್ಲ ಎಂದಿತು. "ಇದಕ್ಕೆ ಎಡ ಬಲ ಗೊತ್ತಿಲ್ಲ, ಪಾಪ," ಎಂದು ಜೊತೆಯಾಗಿಯೇ ಬಿಟ್ಟು ಒಳಗೆ ಹೋದಳು.

ಅಷ್ಟರಲ್ಲಿ ಬಾವಿ ನೋಡಿ ಬಂದ ಸೋದರಮಾವ ಬಾಗಿಲಲ್ಲಿ ಕಾಣಿಸಿಕೊಂಡರು. ಕಪ್ಪು ಪರದೆಯನ್ನು ನೋಡಿದರು. ನನ್ನನ್ನು ನೋಡಿದರು. ಮೇಲೆ ಕಟ್ಟು ಹಾಕಿದ ಪದವಿ ಪತ್ರವನ್ನು ನೋಡಿದರು.

"ಇದೆಂತ, ಹಾಳಾಗಿದೆಯಾ?"

ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ನಿಂತಿತು.

"ಇಲ್ಲ ಮಾವ, ಸರಿಯೇ ಉಂಟು," ಎಂದಳು ಅವಳು, ತಿರುಗಿಯೂ ನೋಡದೆ. "ಅದು ಇರುದೇ ಹಾಗೆ."

ಮಾವ "ಹೌದಾ," ಎಂದರು. ಅದು ಹೆಬ್ರಿಯವರ 'ಓ' ಅಲ್ಲ ಎಂದು ನನಗನಿಸಿತು. ಆದರೆ ನನ್ನ ಅನಿಸಿಕೆಗಳ ಬೆಲೆ ನನಗೆ ಗೊತ್ತಿತ್ತು. ಗೋಳಿಬಜೆ, ಚಹಾ ಆಯಿತು. ಫೋನ್ ಮಾಡಿ ತಿಳಿಸುತ್ತೇವೆ ಎಂದು ಹೇಳಿ ಹೊರಟರು. ಅವರ ಜೀಪು ತಿರುವಿನಲ್ಲಿ ಮರೆಯಾದ ಮೇಲೆ ಅಮ್ಮ ಹೇಳಿದ್ದು ಒಂದೇ ಮಾತು. "ಈ ಸಂಬಂಧವೂ ಹೋದ್ರೆ ನಿನ್ನ ಆ ಬೂಟಿಗೇ ತಾಳಿ ಕಟ್ಟು."

ಕಾಯುವ ಮನುಷ್ಯ ಏನಾದರೂ ಮಾಡುತ್ತಿರಬೇಕು. ನಾನು ದೇವಸ್ಥಾನದಿಂದ ಹೊರಗೆ ಬಂದು ಬೂಟು ಹಾಕಿಕೊಳ್ಳೋಣವೆಂದು ಆಟಕ್ಕೆ ಮರಳಿದೆ. ಬೂಟು ಇರಲಿಲ್ಲ! ಉಳಿದವರದ್ದೆಲ್ಲ ಇತ್ತು, ನನ್ನದು ಮಾತ್ರ ಇಲ್ಲ. ಯಾರೂ ಕದಿಯದ ಜಾಗದಲ್ಲಿ ಕದ್ದಿದ್ದಾರೆ, ಅದೂ ಅವಳು ತನ್ನ ಕೈಯಾರೆ ಬಿಟ್ಟುಹೋದ ಬೂಟನ್ನು. ಇದು ಅಪಶಕುನವಲ್ಲದೆ ಮತ್ತೇನು? ಇಂಜಿನಿಯರಿಂಗ್ ಓದಿದವನು ಶಕುನ ನೋಡುತ್ತಾನೆಯೇ ಎಂದು ಕೇಳಬೇಡಿ. ಇಂಜಿನಿಯರಿಂಗಿನಲ್ಲಿ ಹೆಣ್ಣು ನೋಡುವ ವಿಷಯದ ಮೇಲೆ ಪಾಠ ಇರಲಿಲ್ಲ.

ಊರೆಲ್ಲ ಹುಡುಕಿದೆ. ಕಮ್ಮಾರನ ಅಂಗಡಿ, ಕೋಳಿಗಳ ಬಯಲು, ಕಾಡು. ಮರುದಿನ ಭಾನುವಾರ, ಬೆಳಿಗ್ಗೆ ತಿಂಡಿ ಮುಗಿಸಿ ಕೂತವನು ಮಧ್ಯಾಹ್ನದವರೆಗೂ ಹುಡುಕಿದೆ. ಕೊನೆಗೆ ದರೋಡೆಕೋರನ ಗುಹೆಯ ಬಾಗಿಲಲ್ಲಿ ಯಾರೋ ಒಬ್ಬ ಕೂತಿದ್ದ. ಅವನ ಕಾಲಲ್ಲಿ ನನ್ನ ಬೂಟು. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದ.

"ಇನ್ನೂ ಬುದ್ಧಿ ಬಂದಿಲ್ಲೇನಲೇ?"

ಬಾಗಲಕೋಟೆಯವನು! ಪುಣೆಯಿಂದ. ಹುಲ್ಲು ಅಲುಗಾಡುವ ಲೋಕವನ್ನು ಬಿಟ್ಟು ಅವನೂ ಯಾವಾಗಲೋ ಇಲ್ಲಿಗೆ ವಾಪಸಾಗಿದ್ದ. ನನಗೆ ಹೇಳಿದರೆ ಮರ್ಯಾದೆ ಹೋಗುತ್ತದೆಂದು ಬೇರೆ ಹೆಸರಿನಲ್ಲಿ ತಿರುಗುತ್ತಿದ್ದ.

"ಕುದುರೆ ಎಂತ ಆಯ್ತು?" ಎಂದು ಕೇಳಿದೆ.

"ಕುದುರಿ ಛಲೋ ಇತ್ತಪಾ. ಮಾತಾಡಾಕ ಯಾರೂ ಇರಲಿಲ್ಲ. ಎಲ್ಲಾರೂ ಓಡತಿರ್ತಾರ. ಇಲ್ಲಿ ನೋಡು, ಒಂದ ಜೋಡು ಬೂಟಿಗೆ ಅರ್ಧ ದಿನ ಹುಡುಕೂ ಹುಚ್ಚ ನೀ ಅದೀ."

ಅಲ್ಲಿ ಶುರುವಾದ ಮಾತು ಮುಗಿಯಲಿಲ್ಲ. ಅವನ ಅಪ್ಪನ ಮೊಣಕಾಲು ನೋವು, ನನ್ನ ಅಪ್ಪನ ಕೆಮ್ಮು, ಕಾಪುವಿನ ಸಪ್ಪೆ ಚಹಾ, ಎಡ ಬೂಟು ಬಲ ಬೂಟು. ಅದನ್ನು ಕೇಳಿ ಅವನು, "ಆ ಹುಡುಗಿನ್ನ ಬಿಡಬ್ಯಾಡಲೇ. ಎಡ ಬಲ ಬಿಡಿಸಿ ಇಡೂ ಹೆಣ್ಣಮಗಳು ಸಂಸಾರ ಉಳಸ್ತಾಳ," ಎಂದ. "ಬಿಡುದು ಹಿಡಿಯುದು ನನ್ನ ಕೈಯಲ್ಲಿಲ್ಲ, ಅವರ ಫೋನ್ ಬರಬೇಕು," ಎಂದೆ.

ಫೋನ್! ಅಷ್ಟು ಹೊತ್ತೂ, ಹಿಂದಿನ ಸಂಜೆಯೂ, ನಮ್ಮ ಮನೆಯ ಏಕಮಾತ್ರ ಟೆಲಿಫೋನ್ ತಂತಿಯನ್ನು ನಾನು ಆ ಊರಿಗೆ ಜೋಡಿಸಿಟ್ಟುಕೊಂಡಿದ್ದೆ. ಕಂಪ್ಯೂಟರ್ ಬೋಧಕನಾಗಿ ಸಂಬಳ ತೆಗೆದುಕೊಳ್ಳುವ ನಾನು, ಇಂಟರ್‌ನೆಟ್ ಇರುವಾಗ ಫೋನ್ ಬರುವುದಿಲ್ಲ ಎಂದು ಮೊದಲ ವರ್ಷದ ಹುಡುಗರಿಗೆ ಕಲಿಸುವ ನಾನು!

ತಂತಿ ಕೀಳಲು ಎದ್ದೆ. ಅಷ್ಟರಲ್ಲಿ ಅಂಗಳದಲ್ಲಿ ಬೈಕ್ ನಿಂತ ಸದ್ದು. ಅಮ್ಮ ಮಲ್ಲಿಗೆಯ ನಾರು ಹಿಡಿದುಕೊಂಡೇ ಹೊರಗೆ ಓಡಿದರು. ಕಾಪುವಿನ ಹುಡುಗಿಯ ತಮ್ಮ. ಹೆಲ್ಮೆಟ್ ತೆಗೆದು, ಜಗಲಿಯ ಕೆಳಗೆ ಚಪ್ಪಲಿ ಬಿಟ್ಟು, ಒಳಗೆ ಬಂದ.

"ಎಂತ ನಿಮ್ಮ ಫೋನು! ಮಾವ ನಿನ್ನೆಯಿಂದ ಮಾಡ್ತಾ ಇದ್ದಾರೆ, ಎಂಗೇಜ್, ಎಂಗೇಜ್. ಇವರಿಗೆ ಮನಸ್ಸಿಲ್ಲದೆ ರಿಸೀವರ್ ತೆಗೆದು ಇಟ್ಟಿದ್ದಾರೆ ಅಂತ ಮಾವ ಹೇಳಿದ್ರು. ಮತ್ತೆ ಆ ಹೆಬ್ರಿಯವರೂ ನಿಮ್ಮ ಕಂಪ್ಯೂಟರೇ ಹಾಳಾಗಿದೆ ಅಂತ ಮಾವನ ಹತ್ರ ಹೇಳಿದ್ದರಂತೆ."

ಅಮ್ಮ ನನ್ನ ಕಡೆ ತಿರುಗಿದರು. ಕೋರೆಯಲ್ಲಿ ಕಲ್ಲು ಸೀಳುವವರ ನೋಟ ಅದು.

"ಆಮೇಲೆ?" ಎಂದೆ.

"ಆಮೇಲೆ ಅಕ್ಕ ಹೇಳಿದ್ಳು, ಮನಸ್ಸಿಲ್ಲದ್ದಲ್ಲ, ಅವರು ಬೂಟು ಹುಡುಕ್ತಾ ಇರ್ಬೇಕು. ಜೊತೆಯಲ್ಲಿ ಇಟ್ಟದ್ದು, ಹೋಗಿರ್ತದೆ. ಫೋನ್ ಸಿಗುದಿಲ್ಲ, ನೀನೇ ಹೋಗಿ ಹೇಳಿ ಬಾ ಅಂತ." ಅವನು ಕೋಣೆಯ ಒಳಗೆ ಇಣುಕಿ ಕಪ್ಪು ಪರದೆ ನೋಡಿದ. "ಸಿಕ್ಕಿತಾ ಭಾವ?"

ನಿನ್ನೆಯವರೆಗೆ ಅವನು ನನ್ನನ್ನು ಸರ್ ಎನ್ನುತ್ತಿದ್ದ. ಅಮ್ಮನಿಗೆ ನನಗಿಂತ ಮೊದಲೇ ಅರ್ಥವಾಯಿತು. ಕೈಯಲ್ಲಿದ್ದ ಚೆಂಡಿಗೆ ಇನ್ನೆರಡು ಸುತ್ತು ಮೊಗ್ಗು ಸೇರಿಸಿ, ನಾರು ಬಿಗಿದು, ಬಾಳೆಲೆಯಲ್ಲಿ ಸುತ್ತಿ ಅವನ ಕೈಗೆ ಕೊಟ್ಟರು. "ನಿನ್ನ ಅಕ್ಕನಿಗೆ ಕೊಡು ಮಗಾ. ಮತ್ತೆ ಮಾವನಿಗೆ ಹೇಳು, ನಮ್ಮ ಕಂಪ್ಯೂಟರ್ ಸರಿ ಉಂಟು ಅಂತ. ಹಾಳಾದದ್ದು ಹುಡುಗ ಮಾತ್ರ, ಅದನ್ನು ನಿನ್ನ ಅಕ್ಕ ಬಂದು ರಿಪೇರಿ ಮಾಡ್ಲಿ."

ನಾನು "ಸಿಕ್ಕಿತು" ಎಂದು ಉತ್ತರಿಸುವಷ್ಟರಲ್ಲಿ ಅವರಿಬ್ಬರೂ ಮಲ್ಲಿಗೆ ಗಿಡಗಳ ಹತ್ತಿರ ಹೋಗಿಯಾಗಿತ್ತು.